ಕೆಮ್ಮಿಗೆ ಏನಾದ್ರೂ ಕೊಡಿ ಅಂದವರು: ಮೆಡಿಕಲ್ ಶಾಪಿನವರಿಗೆ ಒಂದು ಬಹಿರಂಗ ಪತ್ರ

ಊರೂರಿನ ಮೆಡಿಕಲ್ ಶಾಪಿನ ಮಾಲೀಕರಿಗೆ, ಕೌಂಟರಿನ ಹಿಂದೆ ದಿನವಿಡೀ ನಿಂತೇ ಇರುವ ಹುಡುಗ ಹುಡುಗಿಯರಿಗೆ,

ಹೋಬಳಿ ಊರುಗಳಲ್ಲಿ ರಾತ್ರಿ ಒಂಬತ್ತರ ಮೇಲೂ ಬಾಗಿಲು ತೆರೆದಿರುವ ಅಂಗಡಿಗಳು ಎರಡೇ ಥರದವು. ಒಂದು ನಿಮ್ಮದು, ಇನ್ನೊಂದರ ಹೆಸರು ಹೇಳಬೇಕಾಗಿಲ್ಲ. ಆ ಹೊತ್ತಿಗೆ ಮಗುವಿನ ಮೈ ಸುಡತೊಡಗಿದರೆ, ಅಜ್ಜನ ಕೆಮ್ಮು ನಿಲ್ಲದಿದ್ದರೆ ಜನ ಬರುವುದು ನಿಮ್ಮಲ್ಲಿಗೇ. ಹಗಲಲ್ಲೂ ಅಷ್ಟೇ. ಸರ್ಕಾರಿ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಯಿತು. ಖಾಸಗಿ ಕ್ಲಿನಿಕ್ಕಿಗೆ ಹೋದರೆ ಫೀಸು, ರಕ್ತ ಪರೀಕ್ಷೆ, ಆಮೇಲೆ ಔಷಧ. ನಿಮ್ಮಲ್ಲಿ ಚೀಟಿ ಮಾಡಿಸಬೇಕಿಲ್ಲ, ಬೆಂಚಿನ ಮೇಲೆ ಕಾಯಬೇಕಿಲ್ಲ, "ಇಷ್ಟು ದಿನ ಏನ್ ಮಾಡ್ತಿದ್ದೆ?" ಎಂದು ಬೈಸಿಕೊಳ್ಳಬೇಕಿಲ್ಲ. ಐವತ್ತು ರೂಪಾಯಿ ಗಾಜಿನ ಮೇಲಿಟ್ಟು "ಕೆಮ್ಮಿಗೆ ಏನಾದ್ರೂ ಕೊಡಿ ಡಾಕ್ಟ್ರೇ" ಎಂದರೆ ಸಾಕು.

ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಳಿ ಕೋಟು ಹಾಕಿಕೊಂಡೇ ವಯಸ್ಸು ಕಳೆದವಳು ನಾನು. ಜನ ನಿಮ್ಮನ್ನು ಡಾಕ್ಟ್ರೇ ಎಂದು ಕರೆದರೆ ನನಗೆ ಹೊಟ್ಟೆಕಿಚ್ಚಿಲ್ಲ. ಕಾಯಿಲೆ ಮೊದಲು ಬಾಯಿ ಬಿಡುವುದು ನಿಮ್ಮೆದುರಿಗೆ. ನಮ್ಮ ಮುಂದೆ ಬಂದು ಕೂರುವಷ್ಟರಲ್ಲಿ ವಾರ ಕಳೆದಿರುತ್ತದೆ, ಕೆಲವು ಸಲ ತಿಂಗಳುಗಳೇ. ಆ ನಡುವಿನ ದಿನಗಳಲ್ಲಿ ಏನೇನು ನಡೆಯುತ್ತದೆ ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು. ಅದನ್ನು ಒಮ್ಮೆ ಎದುರುಬದುರು ಕೂತು ಮಾತಾಡಿದಂತೆ ಮಾತಾಡೋಣ ಎಂದು ಈ ಪತ್ರ.

ಕ್ಷಯದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದರ ಒಂದು ಹಳೆಯ ಕತೆ ನಮ್ಮ ತುಮಕೂರು ಜಿಲ್ಲೆಯದೇ. 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಸಂಸ್ಥೆಯವರು ಎಕ್ಸ್‌ರೇ ಯಂತ್ರ ಹೊತ್ತ ಗಾಡಿಗಳಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳನ್ನು ಸುತ್ತಿ, ಯಾರಿಗೆ ಕ್ಷಯ ಇದೆ ಎಂದು ಪಟ್ಟಿ ಮಾಡಿದರು. ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ, ಕೆಮ್ಮಿಕೊಂಡೇ ಹೊಲಕ್ಕೆ ಹೋಗುತ್ತಾರೆ, ನಾವೇ ಮನೆಮನೆಗೆ ಹೋಗಿ ಹುಡುಕಬೇಕು ಎಂಬುದು ಆ ಕಾಲದ ತಜ್ಞರಲ್ಲಿ ಅನೇಕರ ಎಣಿಕೆಯಾಗಿತ್ತು. ಸಂಸ್ಥೆಯಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ರೋಗಿಗಳ ಜೊತೆ ಕೂತು ಮಾತಾಡಿಸಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಆ ಎಣಿಕೆಯನ್ನು ತಲೆಕೆಳಗು ಮಾಡಿತು. ಕಫದಲ್ಲಿ ಕ್ರಿಮಿ ಇದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ತಮಗೆ ಏನೋ ಆಗಿದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಯಾರೂ ಹೇಳದಿದ್ದರೂ ತಾವಾಗಿ ಆಸ್ಪತ್ರೆಗೋ ಡಿಸ್ಪೆನ್ಸರಿಗೋ ನಡೆದು ಹೋಗಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧ. ಕಫ ಪರೀಕ್ಷೆ ಇಲ್ಲ, ಮತ್ತೆ ಬಾ ಎನ್ನುವ ಮಾತಿಲ್ಲ.

ಆ ಬಾಟಲಿ ಕೊಟ್ಟವರು ನಮ್ಮ ಕುಲದವರು, ಡಾಕ್ಟರುಗಳು ಮತ್ತು ಕಾಂಪೌಂಡರುಗಳು. ಕ್ಷಯವನ್ನು ದೊಡ್ಡ ಸ್ಯಾನಟೋರಿಯಮ್ಮುಗಳಿಗೆ ಬಿಡದೆ ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷೆ ಮಾಡಿ ಹಿಡಿಯಬೇಕು ಎಂಬ ದಾರಿಗೆ ದೇಶ ಬಂದದ್ದರಲ್ಲಿ ಈ ತುಮಕೂರಿನ ಕೆಲಸದ ಪಾಲು ದೊಡ್ಡದು. ಅದಾಗಿ ಅರವತ್ತು ವರ್ಷ ದಾಟಿತು. ಕೆಮ್ಮುವವನು ಇವತ್ತೂ ತಾನಾಗಿಯೇ ನಡೆದು ಬರುತ್ತಾನೆ. ಆದರೆ ಈಗ ಮೊದಲು ಬರುವುದು ನಿಮ್ಮ ಕೌಂಟರಿಗೆ, ಬಾಟಲಿಯ ಜೊತೆಗೆ ಈಗ ಇನ್ನೂ ಮೂರು ಮಾತ್ರೆ ಸೇರಿಕೊಂಡಿವೆ.

ಆ ಮೂರು ಮಾತ್ರೆ ಯಾವುವು ಎಂದು ನಾನು ಹೇಳಬೇಕೆ? ಒಂದು ಜ್ವರಕ್ಕೆ, ಒಂದು ಆಂಟಿಬಯಾಟಿಕ್, ಒಂದು ಚಿಕ್ಕ ಬಿಳಿ ಸ್ಟೀರಾಯ್ಡ್. ಕತ್ತರಿಸಿದ ಸ್ಟ್ರಿಪ್ಪಿನ ತುಂಡುಗಳನ್ನು ಪುಟ್ಟ ಕಾಗದದ ಕವರಿಗೆ ಹಾಕಿ, ಮೇಲೆ ಪೆನ್ನಿನಲ್ಲಿ ಬೆಳಿಗ್ಗೆಗೊಂದು, ರಾತ್ರಿಗೊಂದು ಗೀಟು ಎಳೆದು ಕೊಡುತ್ತೀರಿ. ಎರಡೇ ದಿನದಲ್ಲಿ ರೋಗಿ ಎದ್ದು ಓಡಾಡುತ್ತಾನೆ. ಸ್ಟೀರಾಯ್ಡಿನ ಗುಣವೇ ಅದು: ಜ್ವರ ಇಳಿಸುತ್ತದೆ, ಹಸಿವು ಹೆಚ್ಚಿಸುತ್ತದೆ, ಮೈಗೆ ಹುರುಪು ತರುತ್ತದೆ, ಒಳಗೆ ಕ್ರಿಮಿಯೊಡನೆ ಹೊಡೆದಾಡುವ ಶಕ್ತಿಯನ್ನು ಕುಗ್ಗಿಸುತ್ತದೆ. ಆಂಟಿಬಯಾಟಿಕ್ ಲಿವೊಫ್ಲಾಕ್ಸಾಸಿನ್ ಆಗಿದ್ದರೆ ಇನ್ನೂ ಕಷ್ಟ. ಅದು ಕ್ಷಯದ ಕ್ರಿಮಿಗೂ ನಾಟುವ ಔಷಧ. ಐದು ದಿನ ತಿಂದರೆ ಕ್ಷಯ ಹೋಗುವುದಿಲ್ಲ. ಕೆಮ್ಮು ಮಾತ್ರ ತಗ್ಗುತ್ತದೆ, ಮುಂದೆ ಕಫ ಪರೀಕ್ಷೆ ಮಾಡಿದರೆ ಕ್ರಿಮಿ ಕಾಣದೆ ತಪ್ಪಿಸಿಕೊಳ್ಳಬಹುದು. ಮೊದಲ ಸಾಲಿನ ಔಷಧಕ್ಕೆ ಬಗ್ಗದ ಕ್ಷಯ ಬಂದಾಗ ನಾವು ನೆಚ್ಚಿಕೊಳ್ಳುವ ಮುಖ್ಯ ಔಷಧಗಳಲ್ಲಿ ಇದೇ ಲಿವೊಫ್ಲಾಕ್ಸಾಸಿನ್ ಒಂದು. ಅರ್ಧಂಬರ್ಧ ತಿಂದು ಕ್ರಿಮಿಗೆ ಅದರ ಅಭ್ಯಾಸ ಮಾಡಿಸಿಬಿಟ್ಟರೆ ಆಮೇಲೆ ಕೈಗೆ ಸಿಗುವುದು ಬಹಳ ಕಡಿಮೆ. ಇತ್ತ ರೋಗಿ ಗುಣವಾಯಿತು ಎಂದುಕೊಂಡು ಮತ್ತೊಂದು ತಿಂಗಳು ಮನೆಯಲ್ಲಿ, ಬಸ್ಸಿನಲ್ಲಿ, ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕೆಮ್ಮುತ್ತಿರುತ್ತಾನೆ.

ಇದನ್ನು ಓದುವಾಗ ನಿಮ್ಮಲ್ಲಿ ಕೆಲವರಿಗೆ ಸಿಟ್ಟು ಬಂದಿರಬಹುದು. ಬರಲಿ. ಆದರೆ ನಿಮ್ಮ ಪರವಾಗಿ ಸಾಕ್ಷಿ ಹೇಳುವ ಒಂದು ಅಧ್ಯಯನವೂ ಇದೆ, ಅದನ್ನು ಕೇಳಿ. ದೆಹಲಿ, ಮುಂಬೈ, ಪಟ್ನಾಗಳ ಆರುನೂರಕ್ಕೂ ಹೆಚ್ಚು ಔಷಧ ಅಂಗಡಿಗಳಿಗೆ ತರಬೇತಿ ಪಡೆದ ನಟ ರೋಗಿಗಳನ್ನು ಕಳಿಸಿ ಏನಾಗುತ್ತದೆಂದು ಸಂಶೋಧಕರು ನೋಡಿದರು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಒಬ್ಬ ರೋಗಿ ಬಂದು ಎರಡು ಮೂರು ವಾರದಿಂದ ಕೆಮ್ಮು, ಜ್ವರ ಎನ್ನುತ್ತಾನೆ. ಇನ್ನೊಬ್ಬ ಅದನ್ನೇ ಹೇಳಿ, ಕ್ಷಯ ಇದೆ ಎಂದು ಬಂದ ಕಫದ ರಿಪೋರ್ಟನ್ನೂ ತೋರಿಸುತ್ತಾನೆ. ಮೊದಲನೆಯವನನ್ನು ಆಂಟಿಬಯಾಟಿಕ್ಕೂ ಸ್ಟೀರಾಯ್ಡೂ ಕೊಡದೆ ಡಾಕ್ಟರರ ಬಳಿ ಕಳಿಸಿದ್ದು ನೂರಕ್ಕೆ 13 ಸಲ. ರಿಪೋರ್ಟು ತೋರಿಸಿದವನನ್ನು ಹಾಗೆ ಕಳಿಸಿದ್ದು ನೂರಕ್ಕೆ 62 ಸಲ. ಆಂಟಿಬಯಾಟಿಕ್ ಕೊಟ್ಟದ್ದು ಮೊದಲನೆಯವನಿಗೆ 37 ಸಲ, ಎರಡನೆಯವನಿಗೆ 16 ಸಲ. ಕ್ಷಯಕ್ಕೆಂದೇ ಇರುವ ಮೊದಲ ಸಾಲಿನ ಔಷಧವನ್ನು ಒಂದು ಅಂಗಡಿಯವರೂ ಕೈಯೆತ್ತಿ ಕೊಡಲಿಲ್ಲ.

ಕಾಯಿಲೆಯ ಹೆಸರು ಗೊತ್ತಾದೊಡನೆ ನಿಮ್ಮ ಕೈ ತಾನಾಗಿ ತಡೆಯುತ್ತದೆ ಎಂದಾಯಿತು. ಹಾಗಾದರೆ ತೊಂದರೆ ಇರುವುದು ಹೆಸರು ಗೊತ್ತಿಲ್ಲದ ಆ ಮೊದಲ ಐದು ನಿಮಿಷದಲ್ಲಿ. ಅದಕ್ಕೆ ನಾನು ಕೇಳುವುದು ಬಹಳ ಚಿಕ್ಕದು. ಶೆಲ್ಫಿಗೆ ಕೈ ಹಾಕುವ ಮುನ್ನ ಎರಡು ಮಾತು ಕೇಳಿ: ಯಾರಿಗೆ, ಎಷ್ಟು ದಿನದಿಂದ? ಎರಡು ವಾರ ದಾಟಿದ ಕೆಮ್ಮಾದರೆ ಸಿರಪ್ಪಿನ ಬಾಟಲಿಯನ್ನು ಮುಟ್ಟಬೇಡಿ. ಸಂಜೆ ಹೊತ್ತಿಗೆ ಸಣ್ಣ ಜ್ವರ, ರಾತ್ರಿ ಬೆವರಿ ಬಟ್ಟೆ ಒದ್ದೆಯಾಗುವುದು, ಸೊಂಟದಲ್ಲಿ ನಿಲ್ಲದಷ್ಟು ಪ್ಯಾಂಟು ಸಡಿಲವಾಗಿರುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದಿದ್ದರಂತೂ ಯೋಚಿಸುವುದೇ ಬೇಡ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಕ್ಷಯ ಹೆಚ್ಚು. ಮೆಟ್‌ಫಾರ್ಮಿನ್ ಕೊಳ್ಳಲು ತಿಂಗಳು ತಿಂಗಳು ಬರುವ ನಿಮ್ಮ ಗಿರಾಕಿ ಕೆಮ್ಮುತ್ತಿದ್ದರೆ ಅದು ನಿಮಗೆ ನಮಗಿಂತ ಮೊದಲು ಕೇಳಿಸುತ್ತದೆ.

ಕಳಿಸುವುದು ಎಲ್ಲಿಗೆ? ತಾಲೂಕು ಆಸ್ಪತ್ರೆಗೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಕಫ ಪರೀಕ್ಷೆಗೆ ದುಡ್ಡು ಕೊಡಬೇಕಿಲ್ಲ. ಈಗ ಸೂಕ್ಷ್ಮದರ್ಶಕದ ಜೊತೆಗೆ ಟ್ರೂನ್ಯಾಟ್ ಎಂಬ ಪುಟ್ಟ ಯಂತ್ರವೂ ಬಂದಿದೆ, ಅದರ ಹಿಂದೆ ಬೆಂಗಳೂರಿನ ಪ್ರಯೋಗಾಲಯವೊಂದರ ದುಡಿಮೆ ಇದೆ. ಕ್ರಿಮಿ ಇದೆಯೇ ಎನ್ನುವುದನ್ನೂ ರಿಫಾಂಪಿಸಿನ್‌ಗೆ ಅದು ಬಗ್ಗುತ್ತದೆಯೇ ಎನ್ನುವುದನ್ನೂ ಅವತ್ತೇ ಹೇಳಬಲ್ಲದು. ಇದೆ ಎಂದಾದರೆ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧ: ಮೊದಲ ಎರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಮೂರು. ಅದೂ ಉಚಿತ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದು ರಿಫಾಂಪಿಸಿನ್ನಿನ ಬಣ್ಣ. ರಕ್ತ ಎಂದು ಹೆದರಿ ನಿಮ್ಮಲ್ಲಿಗೆ ಓಡಿ ಬಂದವರಿಗೆ ಇಷ್ಟು ಹೇಳಿದರೆ ಒಬ್ಬ ರೋಗಿ ಔಷಧ ಬಿಡುವುದು ತಪ್ಪುತ್ತದೆ. ಎರಡು ತಿಂಗಳಾದ ಮೇಲೆ ಮೈಗೆ ಮಾಂಸ ಹತ್ತಿ, ಕೆಮ್ಮು ನಿಂತು, ಇನ್ನು ಯಾಕೆ ಮಾತ್ರೆ ಎನ್ನುವವರಿಗೂ ನಿಮ್ಮ ಒಂದು ಮಾತು ನಮ್ಮ ಹತ್ತು ಮಾತಿಗಿಂತ ನಾಟುತ್ತದೆ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ ಕೊಡುತ್ತಿದ್ದ ₹500 ಅನ್ನು 2024ರ ನವೆಂಬರಿನಿಂದ ₹1,000 ಮಾಡಿದ್ದಾರೆ, ಬ್ಯಾಂಕ್ ಖಾತೆಗೇ ಬೀಳುತ್ತದೆ. 1800-11-6666 ಎಂಬ ನಿಕ್ಷಯ್ ಸಹಾಯವಾಣಿಗೆ ಕರೆ ಮಾಡಿದರೆ ಕಾಸು ಖರ್ಚಿಲ್ಲ. ಇನ್ನೊಂದು ಸಂಗತಿ ನಿಮ್ಮಲ್ಲಿ ಅನೇಕರು ಗಮನಿಸಿದಂತಿಲ್ಲ: ಕ್ಷಯದ ಔಷಧ ಮಾರುವ ಅಂಗಡಿಯವರೂ ರೋಗಿಯ ವಿವರವನ್ನು ಸರ್ಕಾರಕ್ಕೆ ತಿಳಿಸಬೇಕು ಎಂದು 2018ರ ಮಾರ್ಚಿನಲ್ಲೇ ಕೇಂದ್ರದ ಗೆಜೆಟ್ ಅಧಿಸೂಚನೆ ಆಗಿದೆ.

ಇನ್ನು ಜ್ವರ.

ಮಳೆಗಾಲದಲ್ಲಿ ನಿಮ್ಮ ಅಂಗಡಿಯಲ್ಲಿ ಅತಿ ಹೆಚ್ಚು ಹೋಗುವ ಸರಕು ಮೈಕೈ ನೋವಿನ ಮಾತ್ರೆ. ಜ್ವರವೂ ಇದೆ, ಮೈಯೂ ಮುರಿಯುತ್ತಿದೆ ಎಂದಾಗ ಪ್ಯಾರಾಸಿಟಮಾಲ್ ಸಾಲದು, "ಪವರ್ ಇರೋದು ಕೊಡಿ" ಎಂದು ಗಿರಾಕಿಯೇ ಒತ್ತಾಯಿಸುತ್ತಾನೆ. ಡೈಕ್ಲೊಫಿನಾಕ್, ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್, ಆಸ್ಪಿರಿನ್ ಇವೆಲ್ಲ ಪವರ್ ಇರುವವೇ. ಆದರೆ ಆ ಜ್ವರ ಡೆಂಗಿ ಆಗಿದ್ದರೆ? ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತ ಹೆಪ್ಪುಗಟ್ಟುವುದು ಮೊದಲೇ ಕಷ್ಟ. ಈ ಮಾತ್ರೆಗಳು ಹೊಟ್ಟೆಯ ಒಳಪದರವನ್ನು ಕೆರೆದು, ಇದ್ದಬದ್ದ ಪ್ಲೇಟ್‌ಲೆಟ್ಟುಗಳ ಕೆಲಸವನ್ನೂ ಕೆಡಿಸುತ್ತವೆ. ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿದ್ದು 2024ರ ಸೆಪ್ಟೆಂಬರಿನಲ್ಲಿ. ಆ ವರ್ಷದ ಮಳೆಗಾಲ ನಿಮಗೂ ನೆನಪಿರಬೇಕು, ಪಪ್ಪಾಯಿ ಎಲೆಯ ಮಾತ್ರೆಗೆ ಜನ ಮುಗಿಬಿದ್ದಿದ್ದರು. ಅದರಿಂದ ಜೀವ ಉಳಿಯುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಪ್ಯಾರಾಸಿಟಮಾಲ್, ನೀರು, ಗಂಜಿ, ಮಜ್ಜಿಗೆ, ಎಳನೀರು, ವಿಶ್ರಾಂತಿ, ಜೊತೆಗೆ ಕಣ್ಣಿಟ್ಟು ಕಾಯುವುದು. ಡೆಂಗಿಯ ಚಿಕಿತ್ಸೆ ಬಹುಪಾಲು ಇಷ್ಟೇ.

ಕಾಯುವುದು ಏನನ್ನು ಎಂಬುದನ್ನು ಮಾತ್ರ ನೀವು ಹೇಳಿ ಕಳಿಸಬೇಕು. ಡೆಂಗಿಯಲ್ಲಿ ಗಂಡಾಂತರ ಬರುವುದು ಜ್ವರ ಏರಿದಾಗಲ್ಲ, ಇಳಿದಾಗ. ಮೂರನೆಯ ದಿನದಿಂದ ಏಳನೆಯ ದಿನದೊಳಗೆ, ಮೈ ತಣ್ಣಗಾಯಿತು ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ಸರಿಯಾಗಿ, ರಕ್ತನಾಳಗಳಿಂದ ನೀರು ಸೋರಲು ಶುರುವಾಗುತ್ತದೆ. ತಡೆಯಲಾರದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ಮೂಗಿನಲ್ಲಿ ರಕ್ತ, ಕೈಕಾಲು ತಣ್ಣಗಾಗಿ ಮಂಕು ಕವಿಯುವುದು, ಇವು ಕಂಡರೆ ರಾತ್ರಿ ಎಷ್ಟು ಹೊತ್ತಾದರೂ ಆಸ್ಪತ್ರೆಗೆ. ಪ್ಲೇಟ್‌ಲೆಟ್ ಸಂಖ್ಯೆಯನ್ನೇ ಜಪಿಸುತ್ತ ದಿನಕ್ಕೆರಡು ಸಲ ಲ್ಯಾಬಿಗೆ ಓಡುವವರು ಈ ಲಕ್ಷಣಗಳನ್ನು ಮರೆತುಬಿಡುತ್ತಾರೆ. ರಕ್ತಸ್ರಾವವಿಲ್ಲದೆ ಸುಮ್ಮನೆ ಸಂಖ್ಯೆ ಇಳಿದದ್ದಕ್ಕೆ ಪ್ಲೇಟ್‌ಲೆಟ್ ಏರಿಸುವುದು, ಅದು ಹತ್ತು ಸಾವಿರದ ಹತ್ತಿರಕ್ಕೆ ಬರುವವರೆಗೂ, ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಎಲ್ಲ ಜ್ವರವೂ ಡೆಂಗಿಯಲ್ಲ ಎಂಬುದೂ ನಿಜವೇ. ಗದ್ದೆಗೆ ಇಳಿದು ನಾಟಿ ಮಾಡುವವರಿಗೆ ಕಣ್ಣು ಕೆಂಪಾಗಿ, ಮೀನಖಂಡ ಮುಟ್ಟಿದರೆ ಕಿರುಚುವಷ್ಟು ನೋವಿದ್ದು ಜ್ವರ ಬಂದರೆ ಇಲಿ ಜ್ವರ ಇದ್ದೀತು. ಹೆಗ್ಗಣದ ಮೂತ್ರ ಬೆರೆತ ನೀರು ಕಾಲಿನ ಗಾಯದಿಂದ ಒಳಸೇರಿದ್ದರ ಫಲ ಅದು. ಬೇಗ ಹಿಡಿದರೆ ಡಾಕ್ಸಿಸೈಕ್ಲಿನ್ ಸಾಕಾಗುವುದುಂಟು, ತಡವಾದರೆ ಕಾಮಾಲೆ ಏರಿ ಮೂತ್ರಪಿಂಡ ಕೈಕೊಡುತ್ತದೆ. ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯ ನೀವು ಚಳಿಗಾಲ ಕಳೆಯುವ ಹೊತ್ತಿಗೆ ಕಾಡಿಗೆ ಹೋಗಿ ಬಂದವನ ಜ್ವರ ಎಂದರೆ ಮಂಗನ ಕಾಯಿಲೆ ಇರಬಹುದೆಂದು ಮೊದಲು ಮಂಗ ಸತ್ತಿದೆಯೇ ಎಂದೇ ಕೇಳುತ್ತೀರಿ. ಈ ಎಚ್ಚರ ನಿಮಗೆ ಯಾವ ಪುಸ್ತಕವೂ ಕಲಿಸಿದ್ದಲ್ಲ. ಅದನ್ನೇ ಉಳಿದ ಜ್ವರಗಳಿಗೂ ಬಳಸಿ ಎಂದಷ್ಟೇ ನನ್ನ ಮಾತು.

ಆಂಟಿಬಯಾಟಿಕ್ಕಿನ ವಿಷಯಕ್ಕೆ ಬಂದರೆ ನನಗೆ ಟೈಫಾಯ್ಡೇ ನೆನಪಾಗುತ್ತದೆ. ಕಲುಷಿತ ನೀರು, ಆಹಾರದಿಂದ ಬರುವ ಈ ಜ್ವರ ಮೆಟ್ಟಿಲು ಹತ್ತಿದಂತೆ ದಿನದಿನಕ್ಕೆ ಏರುತ್ತದೆ, ನಾಲಿಗೆಯ ಮೇಲೆ ಬಿಳಿ ಲೇಪ, ಹೊಟ್ಟೆ ಉಬ್ಬರ, ಕೆಲವರಿಗೆ ಮಲಬದ್ಧತೆ, ಕೆಲವರಿಗೆ ಭೇದಿ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಸಿಪ್ರೊಫ್ಲಾಕ್ಸಾಸಿನ್ ಎಂಬ ಹೊಸ ಮಾತ್ರೆ ಇದಕ್ಕೆ ಬ್ರಹ್ಮಾಸ್ತ್ರದಂತಿತ್ತು. ಈಗ ನಮ್ಮ ದೇಶದ ಟೈಫಾಯ್ಡ್ ಕ್ರಿಮಿಗಳಲ್ಲಿ ಬಹುಪಾಲು ಅದಕ್ಕೆ ಸರಿಯಾಗಿ ಬಗ್ಗುವುದಿಲ್ಲ. ಶೀತಕ್ಕೆ, ಭೇದಿಗೆ, ಉರಿಮೂತ್ರಕ್ಕೆ, ಹಲ್ಲುನೋವಿಗೆ, ಮುಟ್ಟಿದ್ದಕ್ಕೆಲ್ಲ ಅದನ್ನು ಕೊಟ್ಟು ಒಂದೇ ತಲೆಮಾರಿನಲ್ಲಿ ಮುಗಿಸಿದೆವು. ಕೊಟ್ಟವರಲ್ಲಿ ನೀವೂ ಇದ್ದಿರಿ, ಚೀಟಿ ಬರೆದ ಡಾಕ್ಟರುಗಳೂ ಇದ್ದರು, ಕೋಳಿಫಾರಂಗಳೂ ಇದ್ದವು. ಈಗ ಟೈಫಾಯ್ಡಿಗೆ ಉಳಿದಿರುವವು ಅಜಿತ್ರೊಮೈಸಿನ್, ಸೆಫಿಕ್ಸಿಮ್, ಸೆಫ್‌ಟ್ರಯಾಕ್ಸೋನ್ ಚುಚ್ಚುಮದ್ದು. ನೆಗಡಿಗೆಂದು ನೀವು ಕೊಡುವ ಮೂರು ಗುಳಿಗೆಯ ಸ್ಟ್ರಿಪ್ಪು ಅದೇ ಅಜಿತ್ರೊಮೈಸಿನ್.

ನೆಗಡಿ ಬರುವುದು ವೈರಸ್ಸಿನಿಂದ. ಅಜಿತ್ರೊಮೈಸಿನ್ ವೈರಸ್ಸಿಗೆ ಏನೂ ಮಾಡುವುದಿಲ್ಲ. ಏಳು ದಿನಕ್ಕೋ ಹತ್ತು ದಿನಕ್ಕೋ ನೆಗಡಿ ತಾನಾಗಿ ಹೋಗುತ್ತದೆ. ನಾಲ್ಕನೆಯ ದಿನ ಗುಳಿಗೆ ಶುರು ಮಾಡಿದವನು ಏಳನೆಯ ದಿನ ಗುಳಿಗೆಯನ್ನು ಹೊಗಳುತ್ತಾನೆ. ಈ ಹೊಗಳಿಕೆಯೇ ನಿಮಗೆ ಗಿರಾಕಿಯನ್ನು ಕಟ್ಟಿಕೊಡುವುದು ಎಂಬುದೂ ನನಗೆ ಗೊತ್ತು. ಸೆಫಿಕ್ಸಿಮ್, ಲಿವೊಫ್ಲಾಕ್ಸಾಸಿನ್, ಕ್ಷಯದ ಔಷಧ ಇವೆಲ್ಲ 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಕೊಡುವಂತಿಲ್ಲ, ಡಾಕ್ಟರರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟಿರಿ ಎಂಬುದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಆ ರಿಜಿಸ್ಟರ್ ಎಷ್ಟು ಅಂಗಡಿಗಳಲ್ಲಿ ದಿನವೂ ತುಂಬುತ್ತದೆ, ಎಷ್ಟರಲ್ಲಿ ಡ್ರಗ್ ಇನ್ಸ್‌ಪೆಕ್ಟರ್ ಬರುವ ಹಿಂದಿನ ರಾತ್ರಿ ತುಂಬುತ್ತದೆ ಎಂಬುದನ್ನು ನಿಮ್ಮ ಆತ್ಮಸಾಕ್ಷಿಗೆ ಬಿಡುತ್ತೇನೆ. ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟಿನವರು ಬೇರೆ, ಕೌಂಟರಿನಲ್ಲಿ ನಿಂತವರು ಬೇರೆ ಆಗಿರುವ ಅಂಗಡಿಗಳ ಬಗ್ಗೆಯೂ ಅಷ್ಟೇ.

ಎಳೆಯ ಮಕ್ಕಳ ಕೆಮ್ಮಿನ ಸಿರಪ್ಪಿನ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಕಡೆ ಕೆಮ್ಮಿನ ಸಿರಪ್ ಕುಡಿದ ಹತ್ತಾರು ಮಕ್ಕಳು ಮೂತ್ರಪಿಂಡ ಸೋತು ಸತ್ತರು. ಅದರಲ್ಲಿದ್ದದ್ದು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ. ಅದು ತಯಾರಕರ ಪಾಪ, ಮಾರಿದವರಿಗೆ ಬಾಟಲಿ ಬಿಚ್ಚಿ ನೋಡುವ ದಾರಿಯೇನೂ ಇರಲಿಲ್ಲ. ಆದರೆ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಸಿರಪ್ ಕೊಡಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂಬ ಕೇಂದ್ರದ ಸಲಹೆಯನ್ನು ಪಾಲಿಸುವುದು ನಿಮ್ಮ ಕೈಯಲ್ಲೇ ಇದೆ. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುನ್ನ ಅರ್ಧ ಚಮಚ ಜೇನುತುಪ್ಪ ಕೊಡಿ ಎಂದರೆ ನಿಮಗೆ ನಷ್ಟವಾಗುವುದು ಎಪ್ಪತ್ತೋ ಎಂಬತ್ತೋ ರೂಪಾಯಿ. ಉಸಿರು ವೇಗವಾಗಿದ್ದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ಅದು ನ್ಯುಮೋನಿಯಾ ಇರಬಹುದು. ಜೇನುತುಪ್ಪವೂ ಬೇಡ, ಸಿರಪ್ಪೂ ಬೇಡ, ಆಟೋ ಹಿಡಿಯಲಿ.

ನಿಮ್ಮ ಅಂಗಡಿಯಲ್ಲಿರುವ ಸಾವಿರಾರು ಸರಕುಗಳಲ್ಲಿ ಯಾವುದು ಎಲ್ಲಕ್ಕಿಂತ ದೊಡ್ಡದು ಎಂದು ಯಾರಾದರೂ ಕೇಳಿದರೆ ನಾನು ಬೆರಳು ತೋರಿಸುವುದು ಇಪ್ಪತ್ತು ರೂಪಾಯಿಯ ಆಸುಪಾಸಿನ ಓಆರ್‌ಎಸ್ ಪೊಟ್ಟಣಕ್ಕೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಗಡಿ ದಾಟಿ ಪಶ್ಚಿಮ ಬಂಗಾಳದ ಬನ್‌ಗಾಂವ್‌ಗೆ ಬಂದು ತುಂಬಿದಾಗ ಕಾಲರಾ ಎದ್ದಿತು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು. ನರಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂತು. ದಿಲೀಪ್ ಮಹಲನಬಿಸ್ ಎಂಬ ಮಕ್ಕಳ ವೈದ್ಯ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಅಳತೆಯಲ್ಲಿ ಬೆರೆಸಿ ಪೊಟ್ಟಣ ಕಟ್ಟಿಸಿದರು. ನೀರಿನಲ್ಲಿ ಕರಗಿಸಿ ನಲ್ಲಿ ಇರುವ ಡ್ರಮ್ಮುಗಳಲ್ಲಿ ತುಂಬಿಟ್ಟರು. ಕುಡಿಸಿದ್ದು ನರ್ಸುಗಳಲ್ಲ, ರೋಗಿಗಳ ಅಕ್ಕ, ಅಮ್ಮ, ಗಂಡ. ನೂರಕ್ಕೆ 30ರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. ಆ ವೈದ್ಯರು ತೀರಿಕೊಂಡದ್ದು 2022ರಲ್ಲಿ, ಪದ್ಮವಿಭೂಷಣ ಬಂದದ್ದು ಮರುವರ್ಷ. ಬದುಕಿದ್ದಾಗ ಕೊಡಬಹುದಿತ್ತು, ಇರಲಿ.

ಅದು ಕೆಲಸ ಮಾಡುವ ಬಗೆ ಸರಳ. ಕರುಳಿನ ಗೋಡೆಯಲ್ಲಿ ಸಕ್ಕರೆ ಒಳಹೋಗುವಾಗ ತನ್ನ ಜೊತೆ ಉಪ್ಪನ್ನು ಎಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಕಾಲರಾದಲ್ಲಿ ಎಲ್ಲ ಸುರಿದು ಹೋಗುತ್ತಿರುವಾಗಲೂ ಈ ಬಾಗಿಲು ಮುಚ್ಚುವುದಿಲ್ಲ. ಆದರೆ ಅಳತೆ ಸರಿಯಿರಬೇಕು. ಸಕ್ಕರೆ ಜಾಸ್ತಿಯಾದರೆ ಅದು ನೀರನ್ನು ಮೈಯಿಂದ ಕರುಳಿಗೆ ಸೆಳೆದುಕೊಂಡು ಭೇದಿಯನ್ನು ಇನ್ನೂ ಹೆಚ್ಚಿಸುತ್ತದೆ. ಈಗಿನ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ, ಸಿಟ್ರೇಟ್, ಒಟ್ಟು 20.5 ಗ್ರಾಂ. ಅದಕ್ಕೇ ಓಆರ್‌ಎಸ್ ಎಂದು ದೊಡ್ಡದಾಗಿ ಬರೆದುಕೊಂಡು ಬಂದ ಸಿಹಿ ಪಾನೀಯದ ಟೆಟ್ರಾ ಪ್ಯಾಕುಗಳ ಮೇಲೆ ನನಗೆ ಅಷ್ಟು ಸಿಟ್ಟು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಒಬ್ಬರೇ ಗುದ್ದಾಡಿದರು. ಕೊನೆಗೆ 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಅಂಥ ಪಾನೀಯಗಳು ಓಆರ್‌ಎಸ್ ಎಂಬ ಹೆಸರನ್ನು ಬಳಸುವಂತಿಲ್ಲ ಎಂದು ಆದೇಶಿಸಿತು. ಹಳೆಯ ಸ್ಟಾಕ್ ನಿಮ್ಮ ಫ್ರಿಜ್ಜಿನಲ್ಲಿ ಇನ್ನೂ ಇದ್ದರೆ ಅದು ವಾಂತಿಭೇದಿಯ ಮಗುವಿನ ಕೈಗೆ ಹೋಗದಿರಲಿ.

ಪೊಟ್ಟಣ ಕೊಡುವಾಗ ಇಡೀ ಪೊಟ್ಟಣಕ್ಕೆ ಒಂದು ಲೀಟರ್ ನೀರು ಎಂದು ಹೇಳಿ, ದಯವಿಟ್ಟು. ಚಮಚದಷ್ಟು ಲೋಟಕ್ಕೆ ಉದುರಿಸಿ ಕುಡಿಸುವವರೇ ಹೆಚ್ಚು. ಸಣ್ಣ ಪೊಟ್ಟಣವಾದರೆ 200 ಮಿಲಿಗೆ. ಒಮ್ಮೆ ಕಲಸಿದ್ದು ಒಂದು ದಿನಕ್ಕೆ ಮಾತ್ರ. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ತಡೆದು ಮತ್ತೆ ಚಮಚ ಚಮಚವಾಗಿ. ಜೊತೆಗೆ ಝಿಂಕ್ ಮಾತ್ರೆ 14 ದಿನ. ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಲಿಗ್ರಾಂ, ಚಿಕ್ಕವರಿಗೆ 10. ಭೇದಿ ನಿಂತರೂ ಮುಗಿಸಬೇಕು. ಮಕ್ಕಳ ಭೇದಿ ಬಹುಪಾಲು ವೈರಸ್ಸಿನದು, ಅದಕ್ಕೆ ಆಂಟಿಬಯಾಟಿಕ್ ಬೇಡ. ಭೇದಿ ಕಟ್ಟುವ ಲೊಪೆರಮೈಡನ್ನು ಮಕ್ಕಳಿಗೆ ಮುಟ್ಟಿಸಲೇಬೇಡಿ. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಆರು ಗಂಟೆಯಿಂದ ಮೂತ್ರವಿಲ್ಲ ಎಂದರೆ ಆಸ್ಪತ್ರೆ.

ನಾಯಿ ಕಚ್ಚಿತು, ಟಿಟಿ ಇಂಜೆಕ್ಷನ್ನು, ಹಚ್ಚಲಿಕ್ಕೊಂದು ಮುಲಾಮು ಕೊಡಿ ಎಂದು ಬರುವವರಿಗೆ ಎರಡನ್ನೂ ಕೊಟ್ಟು ಕಳಿಸಿದರೆ ಅವರು ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ. ಆದರೆ ಅವೆರಡೂ ರೇಬೀಸನ್ನು ತಡೆಯುವುದಿಲ್ಲ, ಅದರ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ಕಡಿಮೆ. ಅಂಗಡಿಯ ನಲ್ಲಿಯಲ್ಲೇ ಸೋಪು ಹಾಕಿ ಹದಿನೈದು ನಿಮಿಷ ಗಾಯ ತೊಳೆಸಿ, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಕಳಿಸಿ. ಲಸಿಕೆ ಅಲ್ಲಿ ಉಚಿತ. ಗಾಯ ಆಳವಾಗಿದ್ದರೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್ನೂ ಬೇಕಾಗುತ್ತದೆ. ಅದನ್ನು ಕೇಳಿ ಪಡೆಯಿರಿ ಎಂದು ಹೇಳಿ, ಎಷ್ಟೋ ಜನಕ್ಕೆ ಅಂಥದ್ದೊಂದು ಇದೆ ಎಂದೇ ಗೊತ್ತಿಲ್ಲ.

ಇಷ್ಟನ್ನೂ ಓದಿ ನೀವು ಹೇಳುವುದೇನು ಎಂದು ನನಗೆ ಕೇಳಿಸುತ್ತಿದೆ. "ಮೇಡಂ, ನಾನು ಕೊಡದಿದ್ದರೆ ಎದುರಿನ ಅಂಗಡಿಯವನು ಕೊಡ್ತಾನೆ." ನಿಜ. ಬಾಡಿಗೆ ಇದೆ, ಸ್ಟಾಕಿಸ್ಟನ ಬಾಕಿ ಇದೆ, ಹತ್ತಕ್ಕೆ ಒಂದು ಫ್ರೀ ಎಂಬ ಸ್ಕೀಮಿನಲ್ಲಿ ತುಂಬಿಸಿಕೊಂಡ ಆಂಟಿಬಯಾಟಿಕ್ಕಿನ ಪೆಟ್ಟಿಗೆ ಎಕ್ಸ್‌ಪೈರಿಗೆ ಬರುತ್ತಿದೆ. ಶೇಕಡಾ 20 ರಿಯಾಯಿತಿಯ ಬೋರ್ಡು ಹಾಕಿದ ಹೊಸ ಅಂಗಡಿ, ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವ ಆ್ಯಪ್. ಇವುಗಳ ನಡುವೆ ಒಬ್ಬನೇ ಹರಿಶ್ಚಂದ್ರನಾಗುವುದು ಕಷ್ಟ. ಆದರೆ ಅಂಗಡಿ ಮುಚ್ಚುವ ವೇಳೆ, ಭಾನುವಾರದ ರಜೆ, ರಿಯಾಯಿತಿಯ ಮಿತಿ ಎಲ್ಲವನ್ನೂ ತಾಲೂಕಿನ ಔಷಧ ವ್ಯಾಪಾರಿಗಳ ಸಂಘದಲ್ಲಿ ಕೂತು ತೀರ್ಮಾನಿಸಬಲ್ಲವರು, ಎರಡು ವಾರದ ಕೆಮ್ಮಿಗೆ ಯಾರೂ ಆಂಟಿಬಯಾಟಿಕ್ ಕೊಡುವುದಿಲ್ಲ ಎಂದೂ ತೀರ್ಮಾನಿಸಬಹುದು. ಆಗ ಎದುರಿನ ಅಂಗಡಿಯವನ ಮಾತೇ ಬರುವುದಿಲ್ಲ. ಪಕ್ಕದ ಕೇರಳದಲ್ಲಿ 2024ರಲ್ಲಿ ಚೀಟಿ ಇಲ್ಲದ ಆಂಟಿಬಯಾಟಿಕ್ ಮಾರಾಟ ಹಿಡಿಯಲು ಆಪರೇಷನ್ ಅಮೃತ್ ಎಂದು ಸರ್ಕಾರವೇ ದಾಳಿಗೆ ಇಳಿಯಿತು. ನಮ್ಮಲ್ಲೂ ಅದು ಬರುವವರೆಗೆ ಕಾಯುವುದೋ, ಮೊದಲೇ ನೀವಾಗಿ ಮಾಡುವುದೋ, ಸಂಘದ ಮುಂದಿನ ಸಭೆಯಲ್ಲಿ ಇಟ್ಟು ನೋಡಿ.

ನಮ್ಮ ಕಡೆಯಿಂದ ಆಗಬೇಕಾದ್ದೂ ಇದೆ, ಅದನ್ನು ಬಿಟ್ಟು ನಿಮಗೆ ಮಾತ್ರ ಬೋಧಿಸಿದರೆ ನ್ಯಾಯವಲ್ಲ. ನೀವು ಕಳಿಸಿದ ರೋಗಿಯನ್ನು "ಮೆಡಿಕಲ್‌ನವನು ಕಳಿಸಿದ್ನಾ?" ಎಂದು ನಗುವ ಡಾಕ್ಟರುಗಳು ನಮ್ಮಲ್ಲಿದ್ದಾರೆ. ನಿಮ್ಮಿಂದಲೂ ಓದಲಾಗದಂತೆ ಚೀಟಿ ಬರೆಯುವವರಿದ್ದಾರೆ. ನೆಗಡಿಗೆ ಸೆಫಿಕ್ಸಿಮ್ ಬರೆದು ಕೊಟ್ಟು, ಅದೇ ಚೀಟಿಯನ್ನು ವರ್ಷವಿಡೀ ಮನೆಮಂದಿಯೆಲ್ಲ ತಂದು ನಿಮಗೆ ತೋರಿಸುವಂತೆ ಮಾಡಿದವರೂ ನಾವೇ. ತಾಲೂಕಿನ ವೈದ್ಯರ ಸಂಘ ಮತ್ತು ನಿಮ್ಮ ಸಂಘ ಒಂದು ಮಧ್ಯಾಹ್ನ ಒಟ್ಟಿಗೆ ಕೂರಲಿ. ಆಸ್ಪತ್ರೆಯ ಕ್ಷಯ ವಿಭಾಗದ ಲ್ಯಾಬ್ ಟೆಕ್ನಿಷಿಯನ್ನರನ್ನೂ ಕರೆಯಲಿ. ಕಳಿಸುವ ಚೀಟಿ ದೊಡ್ಡದೇನೂ ಬೇಡ, ಬಿಲ್ ಪುಸ್ತಕದ ಹಿಂಬದಿಯಲ್ಲಿ ನಾಲ್ಕು ಸಾಲು: ಹೆಸರು, ವಯಸ್ಸು, ಎಷ್ಟು ದಿನದಿಂದ ಕೆಮ್ಮು ಅಥವಾ ಜ್ವರ, ಇದುವರೆಗೆ ಯಾವ ಮಾತ್ರೆ ಎಷ್ಟು ದಿನ ತಿಂದಿದ್ದಾರೆ. ಈ ಕೊನೆಯ ಸಾಲು ರೋಗಿಗೆ ನೆನಪಿರುವುದಿಲ್ಲ, ಬಣ್ಣ ಮಾತ್ರ ಹೇಳುತ್ತಾರೆ. ಅದು ಗೊತ್ತಿರುವುದು ನಿಮಗೊಬ್ಬರಿಗೇ. ಚೀಟಿ ತಂದವರಿಗೆ ಸಾಲಿನಲ್ಲಿ ಮುಂದೆ ಜಾಗ ಕೊಡುವಂತೆ, ಪರೀಕ್ಷೆಯಲ್ಲಿ ಏನು ಬಂತೆಂದು ನಿಮಗೆ ಫೋನ್ ಮಾಡಿ ತಿಳಿಸುವಂತೆ ನಮ್ಮವರಿಗೆ ಹೇಳುವುದು ನನ್ನ ಹೊಣೆ. ತಿಳಿಸದಿದ್ದರೆ ನೀವೇ ಫೋನ್ ಮಾಡಿ ಕೇಳಿ.

ಇಂತಿ,
ತುಮಕೂರು ಜಿಲ್ಲೆಯ ಒಬ್ಬ ನಿವೃತ್ತ ವೈದ್ಯೆ